ತಾತನ ಪೆನ್ನಿಗೆ ಯಾವ ಪಾಲಿಶ್?



ಈ ವಾರದ ಅಂಚೆಯಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳ ಪತ್ರ ಬಂದಿದೆ. ಅಟ್ಟದ ಮೇಲಿನ ಟ್ರಂಕಿನಲ್ಲಿ ಅವಳಿಗೆ ತಾತನ ಹಳೆಯ ಇಂಕ್ ಪೆನ್ನು ಸಿಕ್ಕಿದೆಯಂತೆ. ಹೊರಗೆಲ್ಲ ಮಂಕು ಕಂದು ಬಣ್ಣ, ಮುಚ್ಚಳ ಬಿಚ್ಚಿ ನೋಡಿದರೆ ಒಳಗೆ ಮಾತ್ರ ಕಡುಗಪ್ಪು. ಪೆನ್ನಿನ ಮೈಮೇಲೆ ತಾತನ ಹೆಸರು ಕೆತ್ತಿದೆ. ಆದರೆ ಓರೆಯಾಗಿ ಬೆಳಕಿಗೆ ಹಿಡಿದರೆ ಮಾತ್ರ ಓದಲು ಬರುತ್ತದೆ. ತಾತನ ಹುಟ್ಟುಹಬ್ಬಕ್ಕೆ ಅದನ್ನು ಫಳಫಳ ಹೊಳೆಯುವಂತೆ ಮಾಡಿ ಕೊಡಬೇಕೆಂದು ಅವಳ ಆಸೆ. "ಅಮ್ಮ ಟೂತ್‌ಪೇಸ್ಟ್ ಹಚ್ಚು ಅಂತಾರೆ, ಅಣ್ಣ ಹಿತ್ತಾಳೆ ದೀಪ ಬೆಳಗುವ ಪಾಲಿಶ್ ಒಳ್ಳೇದು ಅಂತಾನೆ, ಪಕ್ಕದ ಮನೆ ಆಂಟಿ ಸ್ಯಾನಿಟೈಸರ್ ಹಾಕಿ ಒರೆಸು ಅಂತಾರೆ. ಯಾವುದು ಸರಿ?" ಎಂದು ಕೇಳಿದ್ದಾಳೆ.

ಮಗೂ, ಮೂರೂ ಬೇಡ. ಏಕೆ ಬೇಡ, ಹಾಗಾದರೆ ಏನು ಮಾಡಬೇಕು ಎಂಬುದನ್ನು ಇವತ್ತು ಎಲ್ಲರಿಗೂ ಸೇರಿಸಿಯೇ ಹೇಳುತ್ತೇನೆ. ನಮ್ಮ ಎಷ್ಟೋ ಮನೆಗಳ ಬೀರುವಿನಲ್ಲಿ ಇಂಥದೊಂದು ಪೆನ್ನು ಮಲಗಿರುತ್ತದೆ.

ಮೊದಲು ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳೋಣ. ಪಾಲಿಶ್ ಅಂದರೆ ಹೊಳಪನ್ನು ತಂದು ಮೇಲೆ ಬಳಿಯುವ ವಸ್ತು ಎಂದು ನಾವು ಅಂದುಕೊಂಡಿರುತ್ತೇವೆ. ಹೆಚ್ಚಿನ ಪಾಲಿಶ್‌ಗಳು ಏನನ್ನೂ ಬಳಿಯುವುದಿಲ್ಲ, ತೆಗೆಯುತ್ತವೆ. ಬಡಗಿ ಮರಕ್ಕೆ ಉಪ್ಪುಕಾಗದ ಉಜ್ಜುವುದನ್ನು ನೀವು ನೋಡಿದ್ದೀರಿ. ಮೊದಲು ಒರಟು ಕಾಗದ, ಆಮೇಲೆ ನಯವಾದದ್ದು, ಕೊನೆಗೆ ಇನ್ನೂ ನಯವಾದದ್ದು. ಪ್ರತಿ ಸಲವೂ ಹಳೆಯ ದೊಡ್ಡ ಗೀರನ್ನು ಸವೆಸಿ, ಅದರ ಜಾಗದಲ್ಲಿ ಚಿಕ್ಕ ಚಿಕ್ಕ ಗೀರು ಬಿಡುತ್ತಾ ಹೋಗುತ್ತಾನೆ. ಪೇಸ್ಟ್ ರೂಪದ ಪಾಲಿಶ್ ಕೂಡ ಅದೇ ಕೆಲಸ ಮಾಡುತ್ತದೆ. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಟ್ಟಿ ಕಣಗಳಿರುತ್ತವೆ.

ಗೀರು ಬಿದ್ದ ಮೇಲೆ ಹೊಳಪು ಎಲ್ಲಿಂದ ಬರುತ್ತದೆ? ಬೆಳಕಿನ ಅಲೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕದು. ಗೀರುಗಳು ಅದಕ್ಕಿಂತ ದೊಡ್ಡದಾಗಿದ್ದರೆ ಬೆಳಕು ದಿಕ್ಕಾಪಾಲಾಗಿ ಚೆದುರಿ, ವಸ್ತು ಮಂಕಾಗಿ ಕಾಣುತ್ತದೆ. ಗೀರುಗಳು ಅಷ್ಟು ಚಿಕ್ಕದಾದಾಗ ಬೆಳಕು ಕನ್ನಡಿಯಿಂದ ಬಂದಂತೆ ನೇರವಾಗಿ ವಾಪಸು ಬರುತ್ತದೆ. ಅದನ್ನೇ ನಾವು ಹೊಳಪು ಎನ್ನುತ್ತೇವೆ. ಅಂದರೆ, ಹೊಳಪಿಗಾಗಿ ಪೆನ್ನು ತನ್ನ ಮೈಯ ಒಂದು ಪದರವನ್ನು ಕಳೆದುಕೊಳ್ಳಬೇಕು.

ಆ ಪದರದಲ್ಲಿ ಏನಿದೆ? ತಾತನ ಹೆಸರಿದೆ!

ಹಳೆಯ ಪೆನ್ನುಗಳ ಮೇಲಿನ ಹೆಸರು, ಕಂಪನಿಯ ಗುರುತು, ಅಲೆಅಲೆಯಾದ ಸಣ್ಣ ಗೆರೆಗಳ ವಿನ್ಯಾಸ ಇವೆಲ್ಲ ತೀರಾ ಮೇಲೆಮೇಲೆ ಕೆತ್ತಿದವು. ವರ್ಷಗಟ್ಟಲೆ ಜೇಬಿನಲ್ಲಿ, ಬೆರಳಿನಲ್ಲಿ ತಿಕ್ಕಿ ಅರ್ಧ ಸವೆದಿರುತ್ತವೆ. ಉಳಿದ ಅರ್ಧವನ್ನು ಅಳಿಸಲು ಒಂದು ಮಧ್ಯಾಹ್ನದ ಪಾಲಿಶ್ ಸಾಕು. ಕ್ಲಿಪ್ಪಿನ ಮೇಲಿನ ಚಿನ್ನದ ನೀರೂ ಹಾಗೆಯೇ. ಅದರ ದಪ್ಪ ನಮ್ಮ ಕೂದಲೆಳೆಗಿಂತ ಎಷ್ಟೋ ಪಟ್ಟು ಕಡಿಮೆ. ನಾಲ್ಕು ಸಲ ಜೋರಾಗಿ ತಿಕ್ಕಿದರೆ ಕೆಳಗಿನ ಹಿತ್ತಾಳೆ ಇಣುಕುತ್ತದೆ. ಅಳಿದ ಹೆಸರನ್ನು ಯಾವ ಅಂಗಡಿಯಲ್ಲೂ ಕೊಂಡು ತರಲಾಗದು. ಇನ್ನೊಮ್ಮೆ ಕೆತ್ತಿಸಬಹುದು, ಆದರೆ ಅದು ಬೇರೆ ಕೈಯ, ಬೇರೆ ಕಾಲದ ಅಕ್ಷರ.

ಆದ್ದರಿಂದ ಯಾವ ಪಾಲಿಶ್ ಎಂದು ಕೇಳುವ ಮೊದಲು ಎರಡು ಪ್ರಶ್ನೆ ಕೇಳಬೇಕು. ಈ ಪೆನ್ನು ಯಾವುದರಿಂದ ಮಾಡಿದ್ದು? ಇದರಲ್ಲಿ ನಾವು ಉಳಿಸಿಕೊಳ್ಳಬೇಕಾದದ್ದು ಯಾವುದು?

ಮೊದಲ ಪ್ರಶ್ನೆಗೆ ನಿಮ್ಮ ಮೂಗೇ ಉತ್ತರ ಹೇಳಬಲ್ಲದು. ಒಣ ಹೆಬ್ಬೆರಳಿನಿಂದ ಪೆನ್ನಿನ ಮೈಯನ್ನು ಅರ್ಧ ನಿಮಿಷ ಬಿಸಿಯಾಗುವಂತೆ ಉಜ್ಜಿ, ಕೂಡಲೇ ಮೂಸಿ ನೋಡಿ.

ಸೈಕಲ್ ಟ್ಯೂಬಿನ ವಾಸನೆ, ಗಂಧಕದ ವಾಸನೆ ಬಂದರೆ ಅದು ಎಬೊನೈಟ್. ಅಂದರೆ ಗಟ್ಟಿ ರಬ್ಬರು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸುವ ವಿಧಾನಕ್ಕೆ 1844ರಲ್ಲಿ ಪೇಟೆಂಟ್ ಪಡೆದರು. ಗಂಧಕ ಸ್ವಲ್ಪವೇ ಇದ್ದರೆ ಟೈರಿನಂಥ ಮೆತ್ತನೆಯ ರಬ್ಬರು. ಮೂವತ್ತು ಪಾಲಿನಷ್ಟು ಸೇರಿಸಿ ಬಹಳ ಹೊತ್ತು ಕಾಯಿಸಿದರೆ ಎಬೆನಿ ಎಂಬ ಕರಿಮರದಂತೆ ಕಪ್ಪಾಗಿ, ಗಟ್ಟಿಯಾಗಿ ಬರುವುದೇ ಎಬೊನೈಟ್. ನಮ್ಮ ದೇಶದ ಎಷ್ಟೋ ಹಳೆಯ ಪೆನ್ನುಗಳು ಇದರವೇ. ಆಂಧ್ರದ ರಾಜಮಹೇಂದ್ರಿಯ ರತ್ನಂ ಪೆನ್ನಿನ ಹೆಸರು ಅಜ್ಜಂದಿರಿಗೆ ನೆನಪಿರಬಹುದು. ಸ್ವದೇಶಿ ಚಳವಳಿಯ ಕಾಲದ ಪೆನ್ನು ಅದು. ಗಾಂಧೀಜಿಯವರೇ ಅದರಲ್ಲಿ ಬರೆದು ನೋಡಿ, ಮೆಚ್ಚಿ, 1935ರಲ್ಲಿ ಪತ್ರ ಬರೆದಿದ್ದರು.

ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್. ಹೊರಗೆ ಗೊತ್ತಾಗದಿದ್ದರೆ ಮುಚ್ಚಳದ ಒಳಗೆ ಮೂಸಿ ನೋಡಿ. ಮುತ್ತಿನಂತೆ, ಅಮೃತಶಿಲೆಯಂತೆ ಬಣ್ಣಬಣ್ಣದ ಮೋಡ ತುಂಬಿದ ಹಳೆಯ ಪೆನ್ನುಗಳು ಹೆಚ್ಚಾಗಿ ಇದರವು. ಹತ್ತಿಯ ನಾರಿನಿಂದ ತಯಾರಿಸಿದ ನೈಟ್ರೋಸೆಲ್ಯುಲೋಸ್‌ಗೆ ನಿಜವಾದ ಕರ್ಪೂರವನ್ನೇ ಬೆರೆಸಿ ಇದನ್ನು ಮಾಡುತ್ತಾರೆ. ಕರ್ಪೂರದ ಹಾಗೆಯೇ ಇದಕ್ಕೂ ಬೆಂಕಿ ಬೇಗ ಹತ್ತುತ್ತದೆ. ಮಕ್ಕಳೇ, ಈ ಪೆನ್ನನ್ನು ದೀಪದ ಹತ್ತಿರ ಒಯ್ಯಬೇಡಿ. ಬಿಸಿ ಸೂಜಿ ಚುಚ್ಚಿ ಪರೀಕ್ಷೆ ಮಾಡಿ ಎಂದು ಯಾರಾದರೂ ಹೇಳಿದರೆ ಕೇಳಬೇಡಿ.

ಮೂರನೆಯದು ಕೇಸಿನ್. ಹಾಲಿನಿಂದ ಮಾಡಿದ ಪೆನ್ನು ಎಂದರೆ ನಂಬುತ್ತೀರಾ? ಕೆನೆ ತೆಗೆದ ಹಾಲನ್ನು ಒಡೆಸಿ, ಆ ಗಟ್ಟಿಯನ್ನು ಒತ್ತಿ ಒಣಗಿಸಿ, ಫಾರ್ಮಲಿನ್ ದ್ರವದಲ್ಲಿ ನೆನೆಸಿ ಗಟ್ಟಿ ಮಾಡುತ್ತಿದ್ದರು. ಇದಕ್ಕೆ ಗ್ಯಾಲಲಿತ್ ಎಂಬ ಹೆಸರೂ ಇತ್ತು. ಗ್ರೀಕ್ ಭಾಷೆಯಲ್ಲಿ ಹಾಲುಕಲ್ಲು ಎಂದು ಅದರ ಅರ್ಥ. ಅಂಗಿಯ ಗುಂಡಿಗಳೂ, ಇಂಗ್ಲೆಂಡಿನ ಕೆಲವು ಸುಂದರವಾದ ಬಣ್ಣದ ಪೆನ್ನುಗಳೂ ಇದರಿಂದ ಆದವು. ಇದು ನೀರು ಕುಡಿದು ಉಬ್ಬುತ್ತದೆ. ನಮ್ಮ ಕಡೆ ಅಪರೂಪ.

ನಾಲ್ಕನೆಯದು ಅಕ್ರಿಲಿಕ್ ಮತ್ತು ಅದರ ನಂತರ ಬಂದ ಇತರ ಪ್ಲಾಸ್ಟಿಕ್‌ಗಳು. ಎಷ್ಟು ಉಜ್ಜಿದರೂ ಇವಕ್ಕೆ ವಿಶೇಷ ವಾಸನೆ ಇಲ್ಲ. 1941ರಲ್ಲಿ ಮಾರುಕಟ್ಟೆಗೆ ಬಂದ ಹೆಸರಾಂತ ಪಾರ್ಕರ್ 51 ಪೆನ್ನಿನ ಮೈ ಅಕ್ರಿಲಿಕ್‌ನದು. ಈ ನಾಲ್ಕರಲ್ಲಿ ಸ್ವಲ್ಪ ಗಟ್ಟಿಮುಟ್ಟಾದದ್ದು ಇದೇ.

ಪತ್ರ ಬರೆದ ಮಗುವಿನ ಪೆನ್ನು ಹೊರಗೆ ಕಂದು, ಒಳಗೆ ಕಪ್ಪು ಎಂದಳಲ್ಲ, ಅದು ಬಹುಮಟ್ಟಿಗೆ ಎಬೊನೈಟ್. ಬಿಸಿಲು, ಗಾಳಿ, ತೇವ ಮೂರೂ ಸೇರಿ ಮೇಲಿನ ರಬ್ಬರು-ಗಂಧಕವನ್ನು ನಿಧಾನವಾಗಿ ಬದಲಾಯಿಸಿವೆ. ಮುಚ್ಚಳದೊಳಗೆ ಬೆಳಕು ಹೋಗಲಿಲ್ಲ, ಅದಕ್ಕೇ ಅಲ್ಲಿ ಕಪ್ಪು ಉಳಿದಿದೆ. ಆದ್ದರಿಂದ ಆ ಕಂದು ಬಣ್ಣ ಮೇಲೆ ಕೂತ ಕೊಳೆಯಲ್ಲ. ಪೆನ್ನಿನ ಮೈಯೇ ಬಣ್ಣ ಬದಲಿಸಿದೆ. ಹೆಸರು ಇರುವುದೂ ಅದೇ ಪದರದಲ್ಲಿ. ಕಂದನ್ನು ಪೂರ್ತಿ ತೆಗೆಯಬೇಕೆಂದರೆ ಹೆಸರನ್ನೂ ತೆಗೆಯಬೇಕಾಗುತ್ತದೆ.

ಈಗ ಅಡುಗೆಮನೆ, ಬಚ್ಚಲುಮನೆಯ ಔಷಧಗಳನ್ನು ಒಂದೊಂದಾಗಿ ನೋಡೋಣ.

ಟೂತ್‌ಪೇಸ್ಟ್: ಇದು ಹಲ್ಲಿನ ಎನಾಮೆಲ್‌ಗಾಗಿ ಮಾಡಿದ್ದು. ಎನಾಮೆಲ್ ನಮ್ಮ ದೇಹದಲ್ಲೇ ಅತಿ ಗಟ್ಟಿಯಾದ ವಸ್ತು. ಅಷ್ಟು ಗಟ್ಟಿಯಾದದ್ದನ್ನು ತಿಕ್ಕುವ ಕಣ ಪೆನ್ನಿಗೆ ಒರಟಾಗುತ್ತದೆ. ಹಲ್ಲಿನ ಸೆಟ್ ಹಾಕಿಕೊಳ್ಳುವ ಅಜ್ಜ-ಅಜ್ಜಿಯರಿಗೆ ಇದು ಗೊತ್ತಿರುತ್ತದೆ. ಸೆಟ್ಟನ್ನು ಮಾಮೂಲಿ ಪೇಸ್ಟಿನಲ್ಲಿ ಉಜ್ಜಬೇಡಿ ಎಂದು ವೈದ್ಯರು ಹೇಳುತ್ತಾರೆ. ಅದು ಅಕ್ರಿಲಿಕ್, ಗೀರು ಬೀಳುತ್ತದೆ ಎಂಬುದೇ ಕಾರಣ.

ಹಿತ್ತಾಳೆ ಪಾಲಿಶ್: ಲೋಹದ ಪಾಲಿಶ್‌ಗಳಲ್ಲಿ ಗಟ್ಟಿ ಕಣದ ಜೊತೆಗೆ ಅನೇಕ ಸಲ ಅಮೋನಿಯಾ ಇರುತ್ತದೆ. ಮುಚ್ಚಳ ತೆಗೆದೊಡನೆ ಮೂಗಿಗೆ ಚುರ್ರೆನ್ನುವ ಘಾಟು ಅದರದೇ. ಇದು ಸೆಲ್ಯುಲಾಯ್ಡ್‌ಗೂ ಕೇಸಿನ್‌ಗೂ ಒಳ್ಳೆಯದಲ್ಲ. ಚಿನ್ನದ ನೀರಂತೂ ಉಳಿಯುವುದಿಲ್ಲ.

ಸ್ಯಾನಿಟೈಸರ್, ಸ್ಪಿರಿಟ್: ಎರಡರಲ್ಲೂ ಇರುವುದು ಆಲ್ಕೋಹಾಲ್. ಸೆಲ್ಯುಲಾಯ್ಡ್ ಇದರಿಂದ ಮೆತ್ತಗಾಗುತ್ತದೆ. ಅಕ್ರಿಲಿಕ್‌ನಲ್ಲಿ ಜೇಡರ ಬಲೆಯಂಥ ಸಣ್ಣ ಬಿರುಕು ಏಳಬಹುದು.

ಉಗುರುಬಣ್ಣ ತೆಗೆಯುವ ದ್ರವ, ಥಿನ್ನರ್: ಇವನ್ನು ಪೆನ್ನಿನ ಹತ್ತಿರವೂ ತರಬೇಡಿ. ಅಸಿಟೋನ್ ಇದ್ದರೆ ಸೆಲ್ಯುಲಾಯ್ಡ್ ಕರಗಿಯೇ ಹೋಗುತ್ತದೆ.

ಹುಣಸೆಹಣ್ಣು, ನಿಂಬೆ, ವಿಭೂತಿ: ದೇವರ ಮನೆಯ ಹಿತ್ತಾಳೆ, ತಾಮ್ರಕ್ಕೆ ಇವು ಬಂಗಾರ. ಆದರೆ ಹುಳಿ ಕ್ಲಿಪ್ಪನ್ನೂ ಉಕ್ಕಿನ ನಿಬ್ಬನ್ನೂ ತಿನ್ನುತ್ತದೆ, ಬೂದಿ ಗೀರುತ್ತದೆ.

ಕೊಬ್ಬರಿ ಎಣ್ಣೆ: ಹಚ್ಚಿದ ಕೂಡಲೇ ಎಬೊನೈಟ್ ಕಪ್ಪಗೆ ಕಾಣುತ್ತದೆ, ನಿಜ. ನಾಲ್ಕು ದಿನಕ್ಕೆ ಮೇಲೆಲ್ಲ ಧೂಳು ಅಂಟುತ್ತದೆ, ಆಮೇಲೆ ಕಮಟು ವಾಸನೆ.

ಹಾಗಾದರೆ ಮಾಡಬೇಕಾದದ್ದೇನು? ಬಹಳ ಸುಲಭ. ಮೆತ್ತನೆಯ, ಒಗೆದು ಒಗೆದು ನಯವಾದ ಹತ್ತಿಬಟ್ಟೆ ತೆಗೆದುಕೊಳ್ಳಿ. ಹಳೆಯ ಪಂಚೆಯ ತುಂಡಾದರೆ ಬಹಳ ಒಳ್ಳೆಯದು. ಮೊದಲು ಬಟ್ಟೆಯನ್ನು ಚೆನ್ನಾಗಿ ಕೊಡವಿ. ಕನ್ನಡಕದ ಗಾಜನ್ನು ಧೂಳಿನ ಸಮೇತ ಒರೆಸಿ ಗೀರು ಮಾಡಿಕೊಂಡವರಿಗೆ ಕೊಡವುವುದು ಏಕೆಂದು ಹೇಳಬೇಕಾಗಿಲ್ಲ. ಒಣಬಟ್ಟೆಯಿಂದ ಹಗುರವಾಗಿ ಒರೆಸಿ. ಎಷ್ಟೋ ಪೆನ್ನುಗಳಿಗೆ ಇಷ್ಟೇ ಸಾಕು. ಮಂಕು ಎಂದು ಕಂಡದ್ದರಲ್ಲಿ ಅರ್ಧ ಪಾಲು ಹಳೆಯ ಧೂಳು, ಬೆವರು, ಒಣಗಿದ ಇಂಕು.

ಇನ್ನೂ ಕೊಳೆ ಇದ್ದರೆ ಒಂದು ಲೋಟ ತಣ್ಣೀರಿಗೆ ಪಾತ್ರೆ ತೊಳೆಯುವ ದ್ರವದ ಒಂದೇ ಹನಿ ಹಾಕಿ. ಬಟ್ಟೆಯ ತುದಿ ಅದ್ದಿ, ಗಟ್ಟಿಯಾಗಿ ಹಿಂಡಿ, ಒರೆಸಿ, ಕೂಡಲೇ ಒಣಬಟ್ಟೆಯಲ್ಲಿ ತೇವ ತೆಗೆಯಿರಿ. ಪೆನ್ನನ್ನು ನೀರಿನಲ್ಲಿ ಮುಳುಗಿಸಿಡಬೇಡಿ. ಬಿಸಿನೀರಂತೂ ಬೇಡವೇ ಬೇಡ. ಕಪ್ಪಗಿದ್ದ ಎಬೊನೈಟ್ ಬಿಸಿನೀರಿನಲ್ಲಿ ನೋಡನೋಡುತ್ತಿದ್ದಂತೆ ಕಂದಾಗಿಬಿಡಬಹುದು. ಒಣಗಿಸಲು ಬಿಸಿಲಿಗೂ ಇಡಬೇಡಿ, ನೆರಳಿನಲ್ಲಿ ಫ್ಯಾನಿನ ಗಾಳಿ ಸಾಕು.

ಇಷ್ಟಾದ ಮೇಲೂ ಪಾಲಿಶ್ ಬೇಕೇ ಬೇಕು ಅನಿಸಿದರೆ, ಆರಿಸುವಾಗ ಈ ಐದು ಮಾತು ನೆನಪಿರಲಿ. ಒಂದು, ಅದು ಪ್ಲಾಸ್ಟಿಕ್‌ಗೆಂದೇ ಮಾಡಿದ, ಅತಿ ನಯವಾದ ದರ್ಜೆಯ ಪಾಲಿಶ್ ಆಗಿರಲಿ. ಗೀರು ತೆಗೆಯುವ ದರ್ಜೆ, ಹೊಳಪು ಕೊಡುವ ದರ್ಜೆ ಎಂದು ಬೇರೆ ಬೇರೆ ಸಿಗುತ್ತವೆ. ಕೊನೆಯ, ನಯವಾದ ದರ್ಜೆಯನ್ನೇ ಕೇಳಿ. ಎರಡು, ಡಬ್ಬಿಯ ಮೇಲಿನ ಚೀಟಿ ಓದಿ. ಅಮೋನಿಯಾ, ಆಲ್ಕೋಹಾಲ್, ಅಸಿಟೋನ್ ಎಂದಿದ್ದರೆ ಅಲ್ಲೇ ಬಿಡಿ. ಏನಿದೆ ಎಂದು ಬರೆದೇ ಇಲ್ಲದಿದ್ದರೂ ಬಿಡಿ. ಮೂರು, ಮೊದಲು ಕಾಣದ ಜಾಗದಲ್ಲಿ, ಮುಚ್ಚಳ ಹಾಕಿದಾಗ ಮರೆಯಾಗುವ ಕಡೆ, ಸಾಸಿವೆಯಷ್ಟು ಹಚ್ಚಿ ನೋಡಿ. ಬಟ್ಟೆಗೆ ಪೆನ್ನಿನ ಬಣ್ಣ ಬಂದರೆ ನಿಲ್ಲಿಸಿ. ಪೆನ್ನಿನ ಮೈ ಹೊರಟು ಬರುತ್ತಿದೆ ಎಂದು ಅರ್ಥ. ನಾಲ್ಕು, ಹೆಸರು, ಗುರುತು, ಗೆರೆವಿನ್ಯಾಸ, ಚಿನ್ನದ ಭಾಗ ಇವನ್ನು ಮುಟ್ಟಬೇಡಿ. ಐದು, ಕೈಯಲ್ಲೇ ಮಾಡಿ. ಯಂತ್ರದ ಚಕ್ರಕ್ಕೆ ಹಿಡಿದರೆ ಕ್ಷಣದಲ್ಲಿ ಕಾವೇರಿ ಮೈ ಕರಗುತ್ತದೆ. ಸೆಲ್ಯುಲಾಯ್ಡ್ ಆದರೆ ಹೊತ್ತಿಕೊಳ್ಳಲೂಬಹುದು.

ಸವೆಸದೆ ಹೊಳಪು ಕೊಡುವ ದಾರಿಯೂ ಒಂದಿದೆ, ಅದು ಮೇಣ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ 1950ರ ದಶಕದಲ್ಲಿ ಹಳೆಯ ವಸ್ತುಗಳ ರಕ್ಷಣೆಗೆಂದು ನಯವಾದ ಸೂಕ್ಷ್ಮ ಮೇಣವೊಂದನ್ನು ರೂಪಿಸಿದರು. ಅದು ಗೀರನ್ನು ಕೆರೆಯುವುದಿಲ್ಲ, ತೆಳುವಾಗಿ ತುಂಬುತ್ತದೆ. ಅಂಥದು ಸಿಕ್ಕರೆ ಎಬೊನೈಟ್‌ಗೆ ಉಗುರಿನ ತುದಿಯಷ್ಟು ಹಚ್ಚಿ ಒರೆಸಬಹುದು. ಸಿಗದಿದ್ದರೂ ನಷ್ಟವಿಲ್ಲ. ಸೆಲ್ಯುಲಾಯ್ಡ್‌ಗೆ ಮಾತ್ರ ಏನನ್ನೂ ಬಳಿಯದೆ, ಗಾಳಿಯಾಡುವ ಕಡೆ ಇಡುವುದೇ ಕ್ಷೇಮ.

ಹೊರಮೈ ಬಿಟ್ಟು ಒಳಗೂ ಸ್ವಲ್ಪ ನೋಡೋಣ. ಪೆನ್ನಿನ ನಿಜವಾದ ರಿಪೇರಿ ಇರುವುದು ಅಲ್ಲೇ. ನಿಬ್ಬು ಮತ್ತು ಅದರ ಕೆಳಗಿನ ನಾಲಿಗೆಯಲ್ಲಿ ಇಂಕು ಒಣಗಿ ಕೂತಿರುತ್ತದೆ. ಇಂಕು ಸುರಿದು ತುಂಬುವ ಪೆನ್ನಾದರೆ ತಣ್ಣೀರು ತುಂಬಿ, ಮೆಲ್ಲಗೆ ಅಲುಗಿಸಿ, ಚೆಲ್ಲಿ. ನೀರು ತಿಳಿಯಾಗುವವರೆಗೆ ಹತ್ತು ಸಲವಾದರೂ ಸರಿ. ಒಳಗೆ ರಬ್ಬರಿನ ಚೀಲವಿರುವ ಪೆನ್ನಾದರೆ ಪಕ್ಕದ ಸನ್ನೆಯನ್ನು ಬಲವಂತವಾಗಿ ಎತ್ತಬೇಡಿ. ಆ ಚೀಲ ಒಣಗಿ ಹಪ್ಪಳದಂತಾಗಿರುತ್ತದೆ. ತಿರುಗದ ಮುಚ್ಚಳಕ್ಕೆ ಇಕ್ಕಳವಾಗಲೀ ಮೇಣದಬತ್ತಿಯ ಕಾವಾಗಲೀ ಬೇಡ. ಇವೆರಡು ಕೆಲಸಗಳನ್ನು ಪೆನ್ನು ರಿಪೇರಿ ಬಲ್ಲವರಿಗೇ ಬಿಡಿ.

ಇನ್ನು ಎರಡನೆಯ ಪ್ರಶ್ನೆ: ಉಳಿಸಿಕೊಳ್ಳಬೇಕಾದದ್ದು ಯಾವುದು? ಇದಕ್ಕೆ ಯಾವ ಪುಸ್ತಕದಲ್ಲೂ ಉತ್ತರವಿಲ್ಲ, ಪೆನ್ನಿನ ಒಡೆಯರನ್ನೇ ಕೇಳಬೇಕು. ಆದ್ದರಿಂದ ಮಗೂ, ಹುಟ್ಟುಹಬ್ಬದ ಗುಟ್ಟು ಸ್ವಲ್ಪ ಬಿಟ್ಟುಕೊಡು. ಪೆನ್ನನ್ನು ತಾತನ ಕೈಗೆ ಕೊಟ್ಟು, "ತಾತಾ, ಇದರಲ್ಲಿ ನಿಮಗೆ ಏನು ಹಾಗೇ ಇರಬೇಕು?" ಎಂದು ಕೇಳು. ನಿನಗೆ ಕೊಳೆ ಅನಿಸಿದ್ದು ಅವರಿಗೆ ಬೇರೇನೋ ಆಗಿರಬಹುದು. ಮುಚ್ಚಳದ ತುದಿಯ ಹಲ್ಲಿನ ಗುರುತು ಗಣಿತದ ಪರೀಕ್ಷೆಯ ದಿನದ್ದಿರಬಹುದು. ಬೆರಳು ಹಿಡಿಯುವಲ್ಲಿ ಸವೆದ ಗುಳಿ ಸಾವಿರಾರು ಪುಟ ಬರೆದ ಲೆಕ್ಕವಿರಬಹುದು. ಆ ಗುಳಿಯಲ್ಲಿ ನಿನ್ನ ಬೆರಳಿಟ್ಟು ನೋಡು. ತಾತ ಪೆನ್ನನ್ನು ಹೇಗೆ ಹಿಡಿಯುತ್ತಿದ್ದರು ಎಂಬುದು ಅದೊಂದರಿಂದಲೇ ತಿಳಿಯುತ್ತದೆ.

ಅಜ್ಜ-ಅಜ್ಜಿಯರಲ್ಲೂ ಒಂದು ವಿನಂತಿ. ಮೊಮ್ಮಕ್ಕಳು ಹಳೆಯ ವಸ್ತು ಹಿಡಿದು ಬಂದಾಗ "ಅಯ್ಯೋ ಬಿಡು, ಏನಾದರೂ ಮಾಡಿಕೋ" ಎನ್ನಬೇಡಿ. ಅವರು ಹೇಳಿದ್ದನ್ನು ಹೇಳಿದ ಹಾಗೆ ಮಾಡುವವರು, ಟೂತ್‌ಪೇಸ್ಟಿನ ಟ್ಯೂಬು ಬಚ್ಚಲಲ್ಲೇ ಇದೆ. ಹತ್ತು ನಿಮಿಷ ಜೊತೆಗೆ ಕುಳಿತು, ಬಟ್ಟೆ ನೀವು ಹಿಡಿದು, ಒರೆಸುವುದು ಅವರಿಗೆ ಬಿಡಿ. ಹೆಸರು ಕೆತ್ತಿಸಿದ್ದು ಯಾವ ಊರಿನಲ್ಲಿ, ಎಷ್ಟು ಕಾಸಿಗೆ, ಯಾರು ಕೊಡಿಸಿದ್ದು ಎಂಬುದನ್ನೆಲ್ಲ ಒರೆಸುತ್ತಲೇ ಹೇಳಿ.

ಕೊನೆಗೊಂದು ಕೆಲಸ. ವಸ್ತುಸಂಗ್ರಹಾಲಯಗಳಲ್ಲಿ ಯಾವ ಹಳೆಯ ವಸ್ತುವನ್ನು ಶುಚಿ ಮಾಡಿದರೂ ಏನು ಮಾಡಿದೆವು ಎಂದು ಬರೆದಿಡುತ್ತಾರೆ. ನೀವೂ ಒಂದು ಚೀಟಿ ಬರೆಯಿರಿ: ಪೆನ್ನು ಯಾರದು, ಯಾವುದರಿಂದ ಮಾಡಿದ್ದು, ಯಾವ ದಿನ ಹೇಗೆ ಒರೆಸಿದಿರಿ, ಯಾವುದನ್ನು ಬೇಕೆಂದೇ ಮುಟ್ಟದೆ ಬಿಟ್ಟಿರಿ. ಅದನ್ನು ಪೆನ್ನಿನ ಜೊತೆಗೇ ಪೆಟ್ಟಿಗೆಯಲ್ಲಿಡಿ. ಆ ಚೀಟಿಯನ್ನು ಬೇರೆ ಪೆನ್ನಿನಿಂದ ಬರೆಯಬೇಡಿ. ನಿಬ್ಬು ತೊಳೆದಾಗಿದೆ, ಇಂಕು ತುಂಬಿ ಇದರಿಂದಲೇ ಬರೆಯಿರಿ.